ಸಡಿಲ ಹೊತ್ತು

ನಮ್ಮ ಊರಿನಲ್ಲಿ ಸುಗ್ಗಿಯ ನಾಲ್ಕನೆಯ ದಿನ ಯಾರೂ ಹಾಲಿಗೆ ಹೆಪ್ಪು ಹಾಕುವುದಿಲ್ಲ. ಮೇಸ್ತ್ರಿಗಳು ಸಿಮೆಂಟ್ ಕಲಸುವುದಿಲ್ಲ. ಕ್ಷೌರದ ಅಂಗಡಿಗೆ ಬೀಗ ಬಿದ್ದಿರುತ್ತದೆ. ಪಂಕ್ಚರ್ ಅಂಗಡಿಯವನು ಟ್ಯೂಬಿಗೆ ತೇಪೆ ಹಚ್ಚಲು ಒಪ್ಪುವುದಿಲ್ಲ, ಕೈಮುಗಿದು ನಾಳೆ ಬನ್ನಿ ಎನ್ನುತ್ತಾನೆ. ಶಾಲೆಯಲ್ಲಿ ಮಕ್ಕಳ ಬ್ಲೇಡುಗಳನ್ನೆಲ್ಲ ಬೆಳಿಗ್ಗೆಯೇ ಒಂದು ಡಬ್ಬಿಯಲ್ಲಿ ತೆಗೆದಿಡುತ್ತಾರೆ. ಆ ದಿನ ನಡುಹಗಲಿನಲ್ಲಿ ಸುಗ್ಗಿಯ ಹಾಡಿನೊಳಗೆ ಹೊನ್ನೇರ ಸಾಯುತ್ತಾನೆ. ಅವನ ಮೂಳೆಗಳು ಕೂಡಿಕೊಂಡು ಅವನು ಎದ್ದು ಕೂರುವವರೆಗೆ ಊರಿನಲ್ಲಿ ಯಾವುದೂ ಹೆಪ್ಪುಗಟ್ಟುವುದಿಲ್ಲ, ಅಂಟುವುದಿಲ್ಲ, ಗಟ್ಟಿಯಾಗುವುದಿಲ್ಲ. ಸುಮಾರು ಎರಡು ಗಂಟೆಯ ಆ ಅವಧಿಗೆ ನಾವು ಸಡಿಲ ಹೊತ್ತು ಎನ್ನುತ್ತೇವೆ.

ನಾನು ರಸಾಯನಶಾಸ್ತ್ರ ಓದಿದವಳು. ಊರಿನ ಆರೋಗ್ಯ ಕೇಂದ್ರದ ಪ್ರಯೋಗಾಲಯದಲ್ಲಿ ರಕ್ತ, ಕಫ, ಮೂತ್ರಗಳ ಪರೀಕ್ಷೆ ಮಾಡುವುದು ನನ್ನ ಕೆಲಸ. ಕಾಲೇಜು ಮುಗಿಸಿ ಬಂದ ಹೊಸದರಲ್ಲಿ ಸಡಿಲ ಹೊತ್ತಿಗೆ ಕಾರಣ ಹುಡುಕಲು ನೋಡಿದೆ. ಮೂರು ವರ್ಷದ ಮೇಲೆ ಕಾರಣವನ್ನು ಬಿಟ್ಟು ಅಳತೆಯನ್ನು ಮಾತ್ರ ಉಳಿಸಿಕೊಂಡೆ. ಅಳೆಯುತ್ತ ಅಳೆಯುತ್ತ ಹಾಡಿನ ಕಡೆಗೇ ಗಮನ ಹೋಯಿತು. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಿನ್ನೀರಿನವರೆಗೆ ಇಳಿದಿರುವ ಗದ್ದೆಗಳಲ್ಲಿ ಹೆಂಗಸರು ಏಳು ದಿನ ಭತ್ತ ಕೊಯ್ಯುತ್ತಾರೆ. ಏಳು ದಿನವೂ ದೇವೀರಜ್ಜಿ ಹಾಡಿನಲ್ಲಿ ಕತೆ ಹೇಳುತ್ತಾಳೆ. ಅವಳು ಒಂದು ಸಾಲು ಹೇಳಿದರೆ ಕೊಯ್ಯುವವರೆಲ್ಲ ಅದರ ಬಾಲ ಹಿಡಿದು ತಿರುಗಿ ಹೇಳುತ್ತಾರೆ. ಅದಕ್ಕೆ ಸೊಲ್ಲು ಹಿಡಿಯುವುದು ಎನ್ನುತ್ತಾರೆ. ಹೊನ್ನೇರ ತಾಯಿಯ ಹೊಟ್ಟೆಯಿಂದ ಬಂದೊಡನೆ ಮಾತಾಡಿ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುತ್ತಾನೆ. ಮದುವೆಗೆ ಜನರನ್ನು ಕರೆಯಲು ಅಡಿಕೆಗಳನ್ನೇ ಕಳಿಸುತ್ತಾನೆ, ಅವು ಮನೆಮನೆಗೆ ನಡೆದುಹೋಗಿ ಬರುವುದಿಲ್ಲ ಎಂದವರ ಮಂಡಿಯ ಮೇಲೆ ಮೊಳೆಯುತ್ತವೆ. ಗುರಾಣಿಯ ಮೇಲೆ ಕುಳಿತು ಗಾಳಿಯಲ್ಲಿ ಸಾಗುತ್ತಾನೆ. ಸಮಬಲದ ಶತ್ರುವಿನೊಡನೆ ಏಳು ವರ್ಷ ಕಾದಾಡಿ ನಾಲ್ಕನೆಯ ದಿನದ ಮಧ್ಯಾಹ್ನ ಈಟಿ ತಾಗಿ ನೀರಿಗೆ ಬೀಳುತ್ತಾನೆ. ಮೀನುಗಳು ಅವನ ಮೂಳೆಗಳನ್ನು ಚೆಲ್ಲಾಪಿಲ್ಲಿ ಮಾಡುತ್ತವೆ. ಹೆಂಡತಿ ಮಿಂಚವ್ವ ಬಿದಿರಿನ ಕೂಳಿಯಲ್ಲಿ, ಮೀನು ಹಿಡಿಯುವ ಹಾಗೆ, ಒಂದೊಂದೇ ಮೂಳೆ ಹಿಡಿದು ತಂದು ಜೋಡಿಸಿ, ಅಗಿದ ವೀಳ್ಯದ ರಸ ಚಿಮುಕಿಸಿ ಎಬ್ಬಿಸುತ್ತಾಳೆ.

ಇದನ್ನು ನಾನು ಹನ್ನೊಂದು ಸುಗ್ಗಿ ಕೇಳಿ ಪ್ರತಿ ವರ್ಷದ್ದನ್ನೂ ದಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಬೆಳಗಾಯಿತು ಎನ್ನಬೇಕಾದ ಕಡೆಯೆಲ್ಲ ದೇವೀರಜ್ಜಿ ‘ಮೂಡಲು ಕೆಂಪಾಗಿ ಹಿನ್ನೀರು ತಾಮ್ರವಾಗಿ’ ಎನ್ನುತ್ತಾಳೆ. ಮೊದಲ ದಿನವೊಂದರಲ್ಲೇ ಆ ಸಾಲು ನಲವತ್ತೊಂದು ಸಲ ಬಂದದ್ದನ್ನು ಎಣಿಸಿದ್ದೆ. ಇಂಥ ಸಾಲುಗಳು ಕದಲುವುದಿಲ್ಲ. ಅವುಗಳ ನಡುವೆ ಇರುವುದು ಮಾತ್ರ ವರ್ಷಕ್ಕೊಂದು ತೆರ. ಕೊನೆಯ ಮೂಳೆ ಸಿಕ್ಕುವ ಜಾಗವಂತೂ ಒಮ್ಮೆ ಬಂದದ್ದು ಇನ್ನೊಮ್ಮೆ ಬಂದಿರಲಿಲ್ಲ. ಹೋದ ವರ್ಷ ಕೊಕ್ಕರೆಯ ಕೊಕ್ಕಿನಲ್ಲಿ, ಅದರ ಹಿಂದಿನ ವರ್ಷ ಏಡಿಯ ಬಿಲದಲ್ಲಿ, ಅದಕ್ಕೂ ಹಿಂದೆ ಅಂಬಿಗನ ಹುಟ್ಟಿನ ಸೀಳಿನಲ್ಲಿ.

ಈ ಸುಗ್ಗಿಯ ನಾಲ್ಕನೆಯ ದಿನ ಬೆಳಿಗ್ಗೆ ದೇವೀರಜ್ಜಿ ಬದುವಿನ ಮೇಲೆ ಕುಳಿತು ವೀಳ್ಯ ಮಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ನೋಟ್‌ಬುಕ್ ಬಿಚ್ಚಿದೆ. ಅವಳಿಗೆ ಸಂತೋಷವಾದೀತು ಎಂದೇ ನಂಬಿದ್ದೆ. ಹನ್ನೊಂದು ವರ್ಷದ ಹನ್ನೊಂದು ಜಾಗಗಳನ್ನೂ ಒಂದರ ಕೆಳಗೊಂದು ಪಟ್ಟಿ ಮಾಡಿದ್ದನ್ನು ಓದಿ ಹೇಳಿ, ಇದರಲ್ಲಿ ಯಾವುದು ಸರಿ ಎಂದು ಕೇಳಿದೆ. ಅವಳು ನನ್ನ ಪಟ್ಟಿಯ ಮೇಲೆ ಬೆರಳಿಟ್ಟು, ಓದಲು ಬಾರದಿದ್ದರೂ, ಒಂದೊಂದೇ ಸಾಲನ್ನು ಮೇಲಿನಿಂದ ಕೆಳಗಿನವರೆಗೆ ಮುಟ್ಟಿದಳು. ಮಡಿಸಿದ ವೀಳ್ಯವನ್ನು ಬಾಯಿಗಿಡದೆ ಸೆರಗಿಗೆ ಕಟ್ಟಿಕೊಂಡು ಎದ್ದಳು.

ಹನ್ನೆರಡರ ಸುಮಾರಿಗೆ ಹೊನ್ನೇರ ಬಿದ್ದ. ಪದ್ಧತಿಯಂತೆ ಹೆಂಗಸರೆಲ್ಲ ಕುಡುಗೋಲು ಕೆಳಗಿಟ್ಟು, ಇದ್ದಲ್ಲೇ ಕುಳಿತರು. ಮಿಂಚವ್ವ ಕೂಳಿ ಹಿಡಿದು ನೀರಿಗಿಳಿದಳು. ತಲೆ ಬಂತು, ತೋಳು ಬಂತು, ಬೆನ್ನು ಬಂತು. ಆಮೇಲೆ ದೇವೀರಜ್ಜಿಯ ದನಿ ನಿಂತಿತು. ಉಸಿರು ತೆಗೆದುಕೊಳ್ಳುತ್ತಿದ್ದಾಳೆಂದು ಎಲ್ಲರೂ ಕಾದರು. ಅವಳು ಮಂಡಿಯ ಮೇಲೆ ಕೈಯಿಟ್ಟುಕೊಂಡು ಹಿನ್ನೀರನ್ನೇ ನೋಡುತ್ತ ಕುಳಿತಿದ್ದಳು. ಮುಂದೇನು ಎಂದು ಯಾರೋ ಮೆಲ್ಲನೆ ಕೇಳಿದ್ದಕ್ಕೆ, ಗೊತ್ತಿಲ್ಲ ಎಂದಳು. ಗಂಟೆ ಒಂದಾಯಿತು, ಎರಡಾಯಿತು. ಬಿಸಿಲು ಏರಿತ್ತು. ಸಡಿಲ ಹೊತ್ತಿನಲ್ಲಿ ಎದ್ದು ಓಡಾಡಬಾರದು ಎನ್ನುವುದು ರೂಢಿ, ಆದರೆ ಬಾಯಾರಿದ ಜನ ಎಷ್ಟು ಹೊತ್ತು ಕುಳಿತಾರು? ನನ್ನ ಅಕ್ಕ ರುದ್ರಾಣಿ ಎಲ್ಲರಿಗೂ ನೀರು ತರುತ್ತೇನೆಂದು ಬಿಂದಿಗೆ ಹಿಡಿದು ಹೋದಳು. ತುಂಬಿದ ಬಿಂದಿಗೆ ಹೊತ್ತು ಇಳಿದು ಬರುವಾಗ ಹುಲ್ಲಿನ ಕೆಳಗೆ ಬಿದ್ದಿದ್ದ ಕುಡುಗೋಲಿನ ಮೇಲೆ ಕಾಲಿಟ್ಟಳು. ಪಾದದ ಒಳಬದಿ, ಹಿಮ್ಮಡಿಯಿಂದ ಕಣಕಾಲಿನವರೆಗೆ ಸೀಳಿಹೋಯಿತು.

ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಪ್ರಸನ್ನಯ್ಯ ದೊಡ್ಡ ರಕ್ತನಾಳವನ್ನು ದಾರದಿಂದ ಕಟ್ಟಿದರು. ಆದರೆ ಸಣ್ಣಪುಟ್ಟ ನಾಳಗಳು ನೂರಾರು, ಅವನ್ನೆಲ್ಲ ಕಟ್ಟಲಾಗುವುದಿಲ್ಲ. ಹೊಲಿಗೆ ಹಾಕಲು ಹೋದರೆ ಸೂಜಿ ಚುಚ್ಚಿದ ತೂತಿನಿಂದಲೇ ರಕ್ತ ಜಿನುಗತೊಡಗಿತು. ಹತ್ತಿಯ ಮೆತ್ತೆಯಿಟ್ಟು ಕೈಯಿಂದ ಒತ್ತಿ ಹಿಡಿಯುವುದೊಂದೇ ದಾರಿ. ಒಬ್ಬರ ಕೈ ಸೋತರೆ ಇನ್ನೊಬ್ಬರು, ಹೀಗೆ ಕಾಲು ಗಂಟೆಗೊಮ್ಮೆ ಕೈ ಬದಲಾಯಿಸಿದರು. ನರ್ಸಿನಿಂದ ಔಷಧಿ ಕೊಡುವವನಿಗೆ, ಅವನಿಂದ ಕಸ ಗುಡಿಸುವಾಕೆಗೆ. ಅಕ್ಕನ ಗುಂಪಿನ ರಕ್ತ ನಮ್ಮಲ್ಲಿದ್ದದ್ದು ಎರಡು ಬಾಟಲಿ. ನನ್ನ ಗುಂಪು ಬೇರೆ. ಬೇರೆಯವರಿಂದ ತೆಗೆಯೋಣವೆಂದರೆ ಸೂಜಿ ಚುಚ್ಚಿದ ಜಾಗ ಅವರಿಗೂ ಕಟ್ಟುವುದಿಲ್ಲ. ಹಿನ್ನೀರಿನ ಆಚೆಯ ದೊಡ್ಡ ಆಸ್ಪತ್ರೆಗೆ ಲಾಂಚ್ ಹೊರಡುವುದು ಮರುದಿನ ಬೆಳಿಗ್ಗೆ. ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದು, ಒತ್ತಿ ಹಿಡಿದರೂ ಎಷ್ಟು ಸೋರುತ್ತಿದೆ ಎಂದು ಹೇಳಿದರು. ಲೆಕ್ಕ ನನಗೂ ಬರುತ್ತದೆ. ಬೆಳಗಿನ ತನಕ ಎರಡು ಬಾಟಲಿ ಸಾಲುವುದಿಲ್ಲ.

“ಅಜ್ಜಿ ಯಾಕೆ ನಿಲ್ಲಿಸಿದಳು ಅಂತ ಯಾರಿಗಾದರೂ ಗೊತ್ತೇನಮ್ಮ?” ಎಂದರು ಡಾಕ್ಟರು.

ನನಗೆ ಗೊತ್ತು ಎಂದು ಹೇಳಿ ಗದ್ದೆಗೆ ಓಡಿದೆ.

ದೇವೀರಜ್ಜಿ ಕುಳಿತಲ್ಲಿಂದ ಕದಲಿರಲಿಲ್ಲ. ಕೊಯ್ಯುವವರು ಅವಳ ಸುತ್ತ ಗುಂಪಾಗಿದ್ದರು, ಯಾರೂ ಬಯ್ಯುತ್ತಿರಲಿಲ್ಲ. ನಾನು ಅವಳ ಕಾಲ ಬಳಿ ಕುಳಿತು ಅಕ್ಕನ ಸ್ಥಿತಿ ಹೇಳಿದೆ. ಪಟ್ಟಿ ಓದಿದ್ದು ತಪ್ಪಾಯಿತೆಂದೂ ಹೇಳಿದೆ.

“ಹನ್ನೊಂದು ಬಗೆ ಓದ್ದೆ ನೀನು,” ಎಂದಳು ಅವಳು. “ಅದ್ರಲ್ಲಿ ಹತ್ತಾದ್ರೂ ಸುಳ್ಳಾಗಿರಬೇಕಲ್ಲ ಮಗ. ಸತ್ತೋನ ಮುಂದೆ ಕೂತ್ಕೊಂಡು ಹತ್ತು ವರ್ಷ ಸುಳ್ಳು ಹೇಳಿದೀನಿ ನಾನು.”

“ಸುಳ್ಳು ಅಂತ ನಾನು ಅನ್ನಲಿಲ್ಲ ಅಜ್ಜಿ.”

“ಯಾವುದು ಸರಿ ಅಂದ್ಯಲ್ಲ. ಎರಡೂ ಒಂದೇಯ. ಮುಂಚೆ ಕಾಲು ಎತ್ತಿಟ್ರೆ ಸಾಕು, ದಾರಿ ತಾನೇ ಬಂದು ಪಾದದ ಕೆಳಗೆ ನಿಂತ್ಕಳದು. ಈಗ ಕಣ್ಣು ಮುಚ್ಚಿದ್ರೆ ಹನ್ನೊಂದು ದಾರಿ ಕಾಣ್ತವೆ. ಯಾವುದ್ರಲ್ಲಿ ಹೋಗ್ಲಿ ಹೇಳು.”

ಅವಳು ಹಟ ಮಾಡುತ್ತಿರಲಿಲ್ಲ. ಕೊನೆಗೆ ಅವಳೇ, ನೀನು ಬರೆದಿಟ್ಟುಕೊಂಡಿದ್ದೀಯಲ್ಲ, ನೀನೇ ಓದಿಬಿಡು ಎಂದಳು. ನನಗೂ ಅದು ಸರಿಯೆನಿಸಿತು. ಹೋದ ವರ್ಷದ್ದನ್ನು ತೆಗೆದೆ. ಅದು ನನ್ನ ಅತ್ಯಂತ ಅಚ್ಚುಕಟ್ಟಾದ ಬರಹ, ಒಂದು ಅಕ್ಷರವೂ ಬಿಟ್ಟುಹೋಗಿರಲಿಲ್ಲ. ನಾನು ಸಾಲು ಓದಿದೆ, ಹೆಂಗಸರು ಸೊಲ್ಲು ಹಿಡಿದರು. ಕೊಕ್ಕರೆ ಬಂತು, ಕೊಕ್ಕು ತೆರೆಯಿತು, ಮೂಳೆ ಬಿತ್ತು, ಮಿಂಚವ್ವ ವೀಳ್ಯ ಅಗಿದಳು, ಹೊನ್ನೇರ ಎದ್ದ. ಓದಿ ಮುಗಿಸಿ, ಕೇಂದ್ರದಿಂದ ತಂದಿದ್ದ ಸೂಜಿಯಿಂದ ನನ್ನ ಬೆರಳು ಚುಚ್ಚಿದೆ. ಅರ್ಧ ನಿಮಿಷಕ್ಕೊಮ್ಮೆ ಆ ತೊಟ್ಟನ್ನು ಒತ್ತುಕಾಗದಕ್ಕೆ ಮುಟ್ಟಿಸುವುದು ನಾವು ದಿನವೂ ಮಾಡುವ ಪರೀಕ್ಷೆ. ಆರೋಗ್ಯವಂತರಲ್ಲಿ ಕೆಂಪು ಚುಕ್ಕೆಗಳು ಚಿಕ್ಕದಾಗುತ್ತ ಹೋಗಿ ಏಳೆಂಟನೆಯದಕ್ಕೆ ನಿಲ್ಲುತ್ತವೆ. ನನ್ನ ಕಾಗದದ ಮೇಲೆ ಇಪ್ಪತ್ತು ಚುಕ್ಕೆ ಬಿದ್ದವು. ಇಪ್ಪತ್ತೂ ಒಂದೇ ಗಾತ್ರದವು.

ಸೊಲ್ಲು ಹಿಡಿಯುವವರಲ್ಲಿ ಹಿರಿಯಳಾದ ಚಿಕ್ಕತಾಯಿ ಬಗ್ಗಿ ಆ ಕಾಗದವನ್ನು ನೋಡಿದಳು. ಅವಳಿಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ.

“ಅದು ಹೋದ್ ವರ್ಷದ್ದು ಕಣವ್ವ,” ಎಂದಳು. “ಅದ್ರಲ್ಲಿ ಹೋದ್ ವರ್ಷವೇ ಎದ್ದಾಯ್ತಲ್ಲ ಅವನು. ಈ ವರ್ಷ ಸತ್ತಿರೋನು ಈ ವರ್ಷದ ಸಾವು ಸತ್ತವ್ನೆ. ಹಳೇ ಎಬ್ಬಿಸೋದು ಅವನಿಗೆಲ್ಲಿ ಹಿಡೀತದೆ?”

ಅದನ್ನು ಹೇಳಿದ ರೀತಿ ಹೇಗಿತ್ತೆಂದರೆ, ನಿನ್ನೆ ಉಂಡ ಊಟಕ್ಕೆ ಇವತ್ತಿನ ಹಸಿವು ಹೋಗುತ್ತದೆಯೇ ಎಂದು ಮಗುವಿಗೆ ಹೇಳಿದಂತೆ. ದೇವೀರಜ್ಜಿ ತಲೆಯೆತ್ತಿ ಚಿಕ್ಕತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಹನ್ನೊಂದು ವರ್ಷ ನಾನು ತಪ್ಪುಗಳನ್ನು ಗುರುತಿಸಿದ್ದೇನೆಂದು ತಿಳಿದಿದ್ದೆ. ಸೊಲ್ಲು ಹಿಡಿಯುವ ಮೂವತ್ತು ಹೆಂಗಸರಿಗೆ ಅವು ಬೇರೆಬೇರೆ ಎಂಬುದು ಗೊತ್ತಿತ್ತು, ಬೇರೆಯಾಗದೆ ಇನ್ನೇನಾಗಬೇಕು ಎಂದುಕೊಂಡು ಸುಮ್ಮನಿದ್ದರು. ಅವರಲ್ಲಿ ಒಬ್ಬರನ್ನಾದರೂ ನಾನು ಕೇಳಿರಲಿಲ್ಲ.

ದೇವೀರಜ್ಜಿ ನನ್ನ ತೋಳು ಹಿಡಿದು ಎದ್ದಳು. ನನ್ನ ಬಾಯಿ ಇವತ್ತು ಕಟ್ಟಿದೆ, ಬಿಚ್ಚುವವರೆಗೆ ಆ ಹುಡುಗಿ ಕಾಯುವುದಿಲ್ಲ, ನಡಿ ಎಂದಳು. ಎಲ್ಲಿಗೆ ಎಂದೆ.

“ರಕ್ತ ಇರೋ ಕಡೆಗೆ. ನೀನು ಹೇಳ್ತೀಯ. ನಾನು ಸೊಲ್ಲು ಹಿಡೀತೀನಿ.”

“ನನಗೆ ಕಟ್ಟಿ ಹೇಳೋಕೆ ಬರಲ್ಲ ಅಜ್ಜಿ. ಕೇಳಿದ್ದನ್ನ ಬರೆದುಕೊಳ್ಳೋದು ಬಿಟ್ಟರೆ ಒಂದು ಮಾತು ನಾನಾಗಿ ಸೇರಿಸಿದವಳಲ್ಲ.”

“ನಿಂಗೆ ಗೊತ್ತಿರೋದನ್ನ ಹೇಳು. ಗೊತ್ತಿಲ್ಲದ್ದನ್ನ ಮಿಂಚವ್ವ ಹುಡುಕ್ಕೋತಾಳೆ, ಅದು ಅವಳ ಕೆಲಸ.”

ಗದ್ದೆಯಿಂದ ಆರೋಗ್ಯ ಕೇಂದ್ರಕ್ಕೆ ಮೂವತ್ತು ಹೆಂಗಸರು ಸಾಲಾಗಿ ನಡೆದೆವು. ಕೆಸರುಗಾಲಿನಲ್ಲಿ ವಾರ್ಡಿಗೆ ನುಗ್ಗಿದವರನ್ನು ನರ್ಸ್ ತಡೆಯಲಿಲ್ಲ. ಎರಡನೆಯ ಬಾಟಲಿ ಅರ್ಧಕ್ಕೆ ಬಂದಿತ್ತು. ಈಗ ಡಾಕ್ಟರೇ ಮಂಚದ ಪಕ್ಕ ಮಂಡಿಯೂರಿ ಗಾಯವನ್ನು ಒತ್ತಿ ಹಿಡಿದಿದ್ದರು, ಮೊಳಕೈವರೆಗೆ ಕೆಂಪಾಗಿದ್ದರು. ಅಕ್ಕನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ಕಂಡು, ಬಂದ್ಯಾ ಪಂಡಿತೆ, ಎಂದಳು. ದನಿ ಹತ್ತಿಯ ಹಾಗಿತ್ತು. ಹೊನ್ನೇರನನ್ನು ನಾನು ಎಬ್ಬಿಸುತ್ತೇನಂತೆ ಎಂದು ಹೇಳಿದ್ದಕ್ಕೆ, ಹಾಗಾದರೆ ನನ್ನ ಗತಿ ಮುಗಿಯಿತು ಎಂದು ಕಣ್ಣು ಮುಚ್ಚಿದಳು.

ಶುರು ಮಾಡಲು ನನಗೆ ಕಷ್ಟವಾಗಲಿಲ್ಲ, ಮೊದಲ ಸಾಲು ಕದಲದ ಸಾಲು. ಮೂಡಲು ಕೆಂಪಾಗಿ ಹಿನ್ನೀರು ತಾಮ್ರವಾಗಿ ಎಂದೆ. ತಾಮ್ರವಾಗಿ ಎಂದು ಮೂವತ್ತು ದನಿ ಎದ್ದವು. ಅವುಗಳ ಕೆಳಗೆ, ಎಂದೂ ಸೊಲ್ಲಿನಲ್ಲಿ ಕೇಳಿರದ ಒಂದು ಒರಟು ದನಿ, ದೇವೀರಜ್ಜಿಯದು. ಮಿಂಚವ್ವ ಕೂಳಿ ಹಿಡಿದು ಇಳಿದಳು. ತಲೆ, ತೋಳು, ಬೆನ್ನು ಮಧ್ಯಾಹ್ನ ಗದ್ದೆಯಲ್ಲೇ ಬಂದಿದ್ದವು. ತೊಡೆ ಬಂತು, ಮೊಣಕಾಲು ಬಂತು. ಪಾದಕ್ಕೆ ಬಂದಾಗ ತಡೆದೆ. ಹನ್ನೊಂದು ವರ್ಷದಲ್ಲೂ ಪಾದ ಎಂಬ ಒಂದೇ ಮಾತಿನಲ್ಲಿ ಅದು ದಾಟಿಹೋಗುತ್ತಿತ್ತು. ನನ್ನ ಕಣ್ಣೆದುರು ಅಕ್ಕನ ಪಾದವಿತ್ತು. ಪಾದದಲ್ಲಿ ಇಪ್ಪತ್ತಾರು ಮೂಳೆ ಎಂದು ನನಗೆ ಗೊತ್ತಿತ್ತು. ನನಗೆ ಖಚಿತವಾಗಿ ಗೊತ್ತಿದ್ದದ್ದು ಅಷ್ಟೇ.

ಹಿಮ್ಮಡಿಯದೊಂದು, ನೆಲಕ್ಕೆ ಊರಿ ನಿಲ್ಲುವುದು, ಎಂದೆ. ಊರಿ ನಿಲ್ಲುವುದು ಎಂದರು. ಅದರ ಮೇಲೆ ಕುಳಿತು ಮೈಭಾರ ಹೊರುವುದೊಂದು. ಅದರ ಮುಂದೆ ದೋಣಿಯ ಆಕಾರದ್ದೊಂದು, ಅದು ಕೂಳಿಗೆ ಬೀಳದೆ ತಾನೇ ತೇಲಿಕೊಂಡು ದಡಕ್ಕೆ ಬಂತು. ಇದನ್ನು ಹೇಳಿದಾಗ ನನಗೇ ಆಶ್ಚರ್ಯವಾಯಿತು, ತೇಲಿತೆಂದು ಯಾವ ಪುಸ್ತಕದಲ್ಲೂ ಇಲ್ಲ. ಬೆಣೆಯಂಥವು ಮೂರು, ಅವು ಒಂದನ್ನೊಂದು ಬಿಟ್ಟಿರಲಾರದೆ ಒಟ್ಟಿಗೇ ಬಂದವು. ಹೊರಬದಿಗೆ ಚೌಕದ್ದೊಂದು, ಹಲಗೆಯಂಥ ಮೀನಿನ ಹೊಟ್ಟೆಯಲ್ಲಿತ್ತು. ಉದ್ದನೆಯವು ಐದು, ಐವರು ಅಕ್ಕತಂಗಿಯರ ಹಾಗೆ. ಹೆಬ್ಬೆರಳಿಗೆ ಎರಡು. ಮಿಕ್ಕ ಬೆರಳಿಗೆ ಮೂರು ಮೂರು. ಒಂದೊಂದು ಬಂದಾಗಲೂ ಮಿಂಚವ್ವ, ನೀನು ಯಾರವನು ಎಂದು ಕೇಳುತ್ತಾಳೆ, ಹೊನ್ನೇರನವನು ಎಂದು ಮೂಳೆ ಹೇಳುತ್ತದೆ. ಹಾಗೆ ಕೇಳಿ ಕೇಳಿ ಇಪ್ಪತ್ತೈದು ಬಂದವು. ಕಿರುಬೆರಳಿನ ತುದಿಯ ಮೂಳೆ, ಜೋಳದ ಕಾಳಿನಷ್ಟು ದೊಡ್ಡದು, ಬರಲಿಲ್ಲ.

ಅಲ್ಲಿ ನಾನು ನಿಂತೆ. ಕೊಕ್ಕರೆ, ಏಡಿ, ಅಂಬಿಗನ ಹುಟ್ಟು, ಎಲ್ಲ ನೆನಪಿಗೆ ಬಂದವು. ಎಲ್ಲವೂ ಹಿಂದಿನ ವರ್ಷಗಳಲ್ಲೇ ಮುಗಿದುಹೋದವು. ವಾರ್ಡಿನಲ್ಲಿ ಡಾಕ್ಟರ ಉಸಿರು ಕೇಳುತ್ತಿತ್ತು. ದೇವೀರಜ್ಜಿ ನನ್ನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಸಹಾಯವೂ ಇರಲಿಲ್ಲ, ಅವಸರವೂ ಇರಲಿಲ್ಲ. ನಾನು ಅಕ್ಕನ ಕಿರುಬೆರಳನ್ನು ನೋಡುತ್ತ, ನಿಜ ಹೇಳಿಬಿಡೋಣ ಎಂದುಕೊಂಡೆ.

ಮಿಂಚವ್ವ ದಡದಲ್ಲಿ ನೆರೆದವರನ್ನೆಲ್ಲ ಕೇಳಿದಳು, ಎಂದೆ. ಕೊನೆಗೆ ಒಬ್ಬ ಹೆಂಗಸಿನ ಹತ್ತಿರ ಬಂದಳು. ಆ ಹೆಂಗಸು ಮುಷ್ಟಿ ಬಿಗಿ ಹಿಡಿದಿದ್ದಳು. ಅವಳು ಕದ್ದವಳಲ್ಲ. ಮೂಳೆ ಚೆಂದ ಕಂಡಿತೆಂದು ಎತ್ತಿಕೊಂಡಿದ್ದಳು. ತೂಗಿ ನೋಡಿದಳು, ಉದ್ದ ಅಳೆದಳು, ಹೋದ ವರ್ಷದ ಮೂಳೆಯ ಪಕ್ಕ ಇಟ್ಟು ಯಾವುದು ಸರಿ ಎಂದು ನೋಡುತ್ತ ಕುಳಿತಳು. ಕುಳಿತವಳಿಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ಅಳೆಯುವವಳೇ, ನಿನ್ನ ಮುಷ್ಟಿಯಲ್ಲೇನು ಎಂದಳು ಮಿಂಚವ್ವ.

ಸೊಲ್ಲು ಬರಬೇಕಾದಲ್ಲಿ ಹೆಂಗಸರು ನನ್ನ ಮುಖ ನೋಡಿದರು. ಆಮೇಲೆ ದೇವೀರಜ್ಜಿ ಒಬ್ಬಳೇ, ಮೆಲ್ಲನೆ, ಮುಷ್ಟಿಯಲ್ಲೇನು ಎಂದು ಹಿಡಿದಳು. ಹಿಂದೆಯೇ ಮಿಕ್ಕವರೂ ಹಿಡಿದರು.

ಅವನದೇ ಅವ್ವ, ತಗೋ, ಎಂದಳು ಆ ಹೆಂಗಸು. ಮುಷ್ಟಿ ಬಿಚ್ಚಿದಳು. ಹಾಗೆ ಹೇಳುವಾಗ ನನ್ನ ಕೈಯೂ ಬಿಚ್ಚಿತ್ತು, ಅದನ್ನು ಆಮೇಲೆ ಚಿಕ್ಕತಾಯಿ ಎಲ್ಲರೆದುರು ಅಣಕಿಸಿ ತೋರಿಸಿದಳು. ಮಿಂಚವ್ವ ಮೂಳೆಯನ್ನು ಕಿರುಬೆರಳ ತುದಿಗಿಟ್ಟಳು. ವೀಳ್ಯ ಅಗಿದಳು. ರಸ ಚಿಮುಕಿಸಿದಳು.

ನಾನು ಮಾತು ನಿಲ್ಲಿಸಿ ಡಾಕ್ಟರ ಕಡೆ ನೋಡಿದೆ. ಅವರು ಮೆತ್ತೆಯನ್ನು ತುಸು ಸಡಿಲಿಸಿದರು. ರಕ್ತ ಜಿನುಗಿತು. ನಾನು ಒತ್ತುಕಾಗದವನ್ನು ಗಾಯದ ಅಂಚಿಗೆ ಮುಟ್ಟಿಸಿದೆ, ಗಡಿಯಾರ ನೋಡಿ ಅರ್ಧ ನಿಮಿಷ ಬಿಟ್ಟು ಮತ್ತೆ ಮುಟ್ಟಿಸಿದೆ. ಮೊದಲ ನಾಲ್ಕು ಚುಕ್ಕೆ ಒಂದೇ ಗಾತ್ರದಲ್ಲಿದ್ದವು. ಐದನೆಯದು ಚಿಕ್ಕದಾಗಿದೆಯೆಂದು ಅನಿಸಿತು, ಆಸೆಯಿಂದ ಹಾಗೆ ಕಾಣುತ್ತಿರಬಹುದೆಂದು ಅದನ್ನು ನಂಬಲಿಲ್ಲ. ಆರನೆಯದು ನಿಸ್ಸಂದೇಹವಾಗಿ ಚಿಕ್ಕದು. ಒಂಬತ್ತನೆಯದು ಸಾಸಿವೆಯಷ್ಟು. ಹನ್ನೆರಡನೆಯ ಸಲ ಕಾಗದ ಬೆಳ್ಳಗೇ ಉಳಿಯಿತು. ಡಾಕ್ಟರು ಸೂಜಿಗೆ ದಾರ ಪೋಣಿಸತೊಡಗಿದರು. ಕಿಟಕಿಯ ಹೊರಗೆ ಇನ್ನೂ ಬಿಸಿಲಿತ್ತು.

ಕೆಲವರು ಅತ್ತರು. ದೇವೀರಜ್ಜಿ ಅಳಲಿಲ್ಲ. ಅವಳು ಮಂಚದ ಕಾಲಿಗೊರಗಿ ನೆಲದ ಮೇಲೆ ಕುಳಿತು, ಸೆರಗಿನ ಗಂಟು ಬಿಚ್ಚಿ, ಒಣಗಿದ ವೀಳ್ಯವನ್ನು ಬಾಯಿಗಿಟ್ಟಳು. ಬರೆದುಕೊಳ್ಳುವುದನ್ನು ಬಿಡಬೇಕಾಗಿಲ್ಲ, ಮುಂದಿನ ಸಲ ಹೊನ್ನೇರ ಸಾಯುವ ಮುಂಚೆ ಮಾತ್ರ ಓದಿ ಹೇಳಬೇಡ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಕೆಲಸ ಅರ್ಧಕ್ಕೆ ಬಿಟ್ಟ ಕೂಲಿಯವಳನ್ನು ಕೇಳುವ ಹಾಗೆ ಕೇಳಿದಳು.

“ಎಬ್ಬಿಸಿ ಸುಮ್ನೆ ಕೂತ್ರೆ ಆಯ್ತಾ? ಎದ್ದೋನು ಮೊದ್ಲು ಏನಂದ?”

ಹೋದ ವರ್ಷಗಳಲ್ಲಿ ಅವನು, ಎಷ್ಟು ಹೊತ್ತು ಮಲಗಿಬಿಟ್ಟೆ ಎಂದದ್ದಿದೆ, ನನ್ನ ಗುರಾಣಿ ಎಲ್ಲಿ ಎಂದದ್ದಿದೆ. ನಾನು ತೊದಲುತ್ತಿರುವಾಗ ಮಂಚದ ಮೇಲಿನಿಂದ ದನಿ ಬಂತು.

“ಹಸಿವು ಅಂದ,” ಎಂದಳು ಅಕ್ಕ, ಕಣ್ಣು ತೆರೆಯದೆ. “ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂದ. ಗಂಜಿ ಕೊಡಿ ಅಂದ, ನಿಂಬೆಕಾಯಿ ಉಪ್ಪಿನಕಾಯಿ ಜೊತೆಗೆ.”

ಉಪ್ಪಿನಕಾಯಿ ಜೊತೆಗೆ, ಎಂದು ವಾರ್ಡೆಲ್ಲ ಹಿಡಿಯಿತು. ದೇವೀರಜ್ಜಿಯ ಬೆನ್ನು ನೆಟ್ಟಗಾಯಿತು. ಅಗಿಯುತ್ತಿದ್ದ ವೀಳ್ಯವನ್ನು ಒಂದು ಕೆನ್ನೆಗೆ ಸರಿಸಿ, ಗಂಜಿಗೆ ಅಕ್ಕಿ ಎಲ್ಲಿಂದ ಬಂತು ಎಂದು ಅವಳೇ ಎತ್ತಿಕೊಂಡಳು. ಒಂದು ಕಾಳು ಬಿತ್ತಿದರೆ ಬೆಳಗಾಗುವುದರೊಳಗೆ ಗುಡ್ಡ ತುಂಬ ತೆನೆ ಬಂತು. ಕುಟ್ಟುವ ಒನಕೆಯ ಸದ್ದಿಗೆ ಶತ್ರುವಿನ ಊರಿನಲ್ಲಿ ಮಡಕೆಗಳು ಒಡೆದವು. ಉಪ್ಪಿಗಾಗಿ ಸಮುದ್ರವೇ ಒಂದು ಮಾರು ಹಿಂದೆ ಸರಿಯಿತು. ಸಾಲು ತಡೆಯಿಲ್ಲದೆ ಬರುತ್ತಿತ್ತು, ಯಾವುದನ್ನೂ ನಾನು ಮೊದಲು ಕೇಳಿರಲಿಲ್ಲ. ನಾನು ಚಿಕ್ಕತಾಯಿಯ ಪಕ್ಕದಲ್ಲಿ ಕುಳಿತು ಸೊಲ್ಲು ಹಿಡಿದೆ. ಡಾಕ್ಟರು ಕೊನೆಯ ಹೊಲಿಗೆಯ ದಾರ ಕತ್ತರಿಸಿದಾಗ ಹೊನ್ನೇರ ಏಳನೆಯ ಹಂಡೆ ಮುಗಿಸಿ ಎಂಟನೆಯದಕ್ಕೆ ಕೈ ಚಾಚಿದ್ದ.

“ಅವನು ಏಳು ಹಂಡೆ ಉಂಡ,” ಎಂದಳು ಅಕ್ಕ. “ನಂಗಿನ್ನೂ ಒಂದು ಲೋಟ ಬಂದಿಲ್ಲ.”